ನಮ್ಮೂರ ಮಳೆ ಆಮ್ಲಮಳೆಯೇ?

ಆಮ್ಲಮಳೆಯ ಪಾಠ ಬಂದಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮಕ್ಕಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸಕ್ಕರೆ ಕಾರ್ಖಾನೆಯ ಚಿಮಣಿ ಕಣ್ಣೆದುರಿಗೇ ಇದೆ. ರಸ ತಿಳಿಗೊಳಿಸಲು ಅಲ್ಲಿ ಗಂಧಕ ಸುಡುವುದೂ ಉಂಟು. ಹಾಗಾದರೆ ನಮ್ಮೂರಿನ ಮಳೆಯೂ ಆಮ್ಲಮಳೆಯೇ?

1852ರಲ್ಲಿ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನವಿಜ್ಞಾನಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಮಳೆನೀರನ್ನು ಪರೀಕ್ಷಿಸಿದರು. ಕಲ್ಲಿದ್ದಲ ಹೊಗೆಯ ನಗರ ಸಮೀಪಿಸಿದಂತೆ ನೀರಿನ ಆಮ್ಲೀಯತೆ ಹೆಚ್ಚುವುದನ್ನು ಕಂಡರು. 1872ರ ತಮ್ಮ ಗ್ರಂಥದಲ್ಲಿ ಅದನ್ನು ಆಮ್ಲಮಳೆ ಎಂದು ಕರೆದರು.

ಆಮ್ಲೀಯತೆಯ ಅಳತೆ ಪಿಎಚ್. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಇದನ್ನು ರೂಪಿಸಿದರು. 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಆದರೆ ಯಾವ ಹೊಗೆಯೂ ಇಲ್ಲದ ಕಡೆ ಬೀಳುವ ಮಳೆಯ ಪಿಎಚ್ ಕೂಡ 7 ಅಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದು ಸುಮಾರು 5.6ಕ್ಕೆ ಇಳಿದಿರುತ್ತದೆ. ಅದಕ್ಕೂ ಕೆಳಗಿಳಿದರೆ ಮಾತ್ರ ಆಮ್ಲಮಳೆ.

ಪರೀಕ್ಷೆಗೆ ಖರ್ಚು ಹೆಚ್ಚಿಲ್ಲ. ಅಗಲ ಬಾಯಿಯ ಎರಡು ಗಾಜಿನ ಪಾತ್ರೆಗಳನ್ನು ಭಟ್ಟಿ ಇಳಿಸಿದ ನೀರಿನಿಂದ ಮೂರು ಸಲ ತೊಳೆಯಬೇಕು. ಮರ, ಮಾಳಿಗೆಯ ಅಂಚು, ಒಲೆಯ ಹೊಗೆ ಇವುಗಳಿಂದ ದೂರದ ಬಯಲಿನಲ್ಲಿ, ಮಣ್ಣು ಸಿಡಿಯದಂತೆ ಎತ್ತರದ ಮೇಲೆ ಇಡಬೇಕು. ಮುಚ್ಚಳ ತೆಗೆಯುವುದು ಮಳೆ ಆರಂಭವಾದ ಮೇಲೆಯೇ. ಮೊದಲ ಹತ್ತು ನಿಮಿಷದ ನೀರು ಒಂದರಲ್ಲಿ, ಆಮೇಲಿನದು ಇನ್ನೊಂದರಲ್ಲಿ. ಅಂದೇ ಪರೀಕ್ಷಿಸಬೇಕು.

ಲಿಟ್ಮಸ್ ಇಲ್ಲಿ ಸಾಲದು. 5.6ಕ್ಕೂ 7ಕ್ಕೂ ಇರುವ ವ್ಯತ್ಯಾಸವನ್ನು ಅದು ಹೇಳಲಾರದು. ಕಡಿಮೆ ಅಂತರದ ಅಂಕಗಳಿರುವ ಪಿಎಚ್ ಕಾಗದ ಬೇಕು. ಮಳೆನೀರಿನಲ್ಲಿ ಲವಣಾಂಶ ತೀರ ಕಡಿಮೆ, ಆದ್ದರಿಂದ ಬಣ್ಣ ನಿಧಾನವಾಗಿ ಬರುತ್ತದೆ, ಮೋಸವನ್ನೂ ಮಾಡುತ್ತದೆ. ರಾತ್ರಿಯಿಡೀ ತೆರೆದಿಟ್ಟ ಭಟ್ಟಿ ನೀರಿನಲ್ಲೂ ಅದೇ ಕಾಗದ ಅದ್ದಿ ಹೋಲಿಸಿದರೆ ತಪ್ಪು ಗೊತ್ತಾಗುತ್ತದೆ.

ಫಲಿತಾಂಶ ಏನು ಬರಬಹುದು? ಭಾರತದ ಒಣ ಸೀಮೆಗಳಲ್ಲಿ ಮಳೆನೀರು ಬಹುಪಾಲು 5.6ಕ್ಕಿಂತ ಮೇಲೆಯೇ ಇರುತ್ತದೆ, ಕೆಲವೊಮ್ಮೆ 7ನ್ನೂ ದಾಟುತ್ತದೆ. ಕಾರಣ ಧೂಳು. ಮಣ್ಣಿನ ಧೂಳಿನಲ್ಲಿರುವ ಸುಣ್ಣದ ಅಂಶ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸುಣ್ಣಕಲ್ಲಿನ ನಿಕ್ಷೇಪಗಳೇ ಇವೆ. ಬೇಸಿಗೆಯ ಧೂಳನ್ನು ತೊಳೆದು ಬರುವ ಜೂನಿನ ಮೊದಲ ಮಳೆಗಿಂತ, ಆಕಾಶ ತೊಳೆದ ಮೇಲಿನ ಮಳೆಯ ಪಿಎಚ್ ಕಡಿಮೆ ಇರಬಹುದು. ಇನ್ನು ಕಬ್ಬು ನುರಿಯುವುದು ಹೆಚ್ಚಾಗಿ ಚಳಿಗಾಲದ ಕೆಲಸ, ಮಳೆ ಬರುವುದು ಅದಕ್ಕೆ ಮೊದಲು. ಚಿಮಣಿಯ ಪ್ರಭಾವ ತಿಳಿಯಬೇಕಾದರೆ ಹಂಗಾಮು ಆರಂಭವಾದ ಮೇಲೆ ಬೀಳುವ ಅಕಾಲ ಮಳೆಯನ್ನೂ ಬಿಡದೆ ಹಿಡಿಯಬೇಕು.

ಕಾಗದ 6.8 ತೋರಿಸಿದಾಗ, ಪುಸ್ತಕದಲ್ಲಿ ಹಾಗಿಲ್ಲವೆಂದು ಅಳಿಸಿ 5 ಎಂದು ಬರೆಯುವ ಆಸೆ ವಿದ್ಯಾರ್ಥಿಗೆ ಬರುತ್ತದೆ. ಅಂಕದ ಆಸೆಗೆ ಅದನ್ನು ಕಂಡೂ ಕಾಣದಂತಿರುವ ಶಿಕ್ಷಕರೂ ಉಂಟು. ಹೀಗೆ ತಿದ್ದಿದ ಪುಸ್ತಕದಿಂದ ಮುಂದೊಂದು ದಿನ ಈ ಗಾಳಿ ನಿಜವಾಗಿಯೂ ಕೆಟ್ಟರೆ ಗುರುತಿಸುವುದು ಹೇಗೆ? ದಿನಾಂಕ, ಗಾಳಿಯ ದಿಕ್ಕು, ಮಳೆಯ ಪ್ರಮಾಣ, ಕಂಡ ಅಂಕ, ಇಷ್ಟನ್ನು ವರ್ಷ ವರ್ಷ ಕಂಡಂತೆಯೇ ಬರೆದಿಟ್ಟ ಶಾಲೆಯ ಬಳಿ ಊರಿಗೆ ಬೇಕಾಗುವ ದಾಖಲೆ ಉಳಿಯುತ್ತದೆ.