ಗಾಜಿನ ತೊಟ್ಟಿಗೆ ತಕ್ಕ ಮೀಸೆಮೀನು

ಮೀನು ಮೊಟ್ಟೆಯಿಟ್ಟು ಮರಿಯಾಗುವ ಪರಿಯನ್ನು ಶಾಲಾ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದುವುದಕ್ಕಿಂತ ಗಾಜಿನ ತೊಟ್ಟಿಯಲ್ಲಿ ಕಣ್ಣಾರೆ ಕಾಣುವುದು ಮೇಲು. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಿನಲ್ಲಿಯೂ ಇದು ಅಸಾಧ್ಯವಲ್ಲ. ಆದರೆ ಜಾತಿಯ ಆಯ್ಕೆಯಲ್ಲಿಯೇ ಅನೇಕರು ಎಡವುವರು. ಕೆರೆಯಲ್ಲಿ ಸಿಕ್ಕಿತೆಂದು ಚೇಳುಮೀನನ್ನೋ ಮುರುಗೋಡನ್ನೋ ತಂದುಬಿಟ್ಟು, ಮೊಟ್ಟೆಗಾಗಿ ವರ್ಷವಿಡೀ ಕಾಯುವರು. ಇವು ಮುಂಗಾರಿನ ಹೊಸನೀರು ಬಂದಾಗ ಗದ್ದೆ ಕೆರೆಗಳ ತೆಳುನೀರಿನಲ್ಲಿ ಮೊಟ್ಟೆಯಿಡತಕ್ಕವು. ತೊಟ್ಟಿಯಲ್ಲಾದರೋ ಸಾಮಾನ್ಯವಾಗಿ ಹಾರ್ಮೋನಿನ ಚುಚ್ಚುಮದ್ದು ಬೇಕಾಗುವುದು. ಮೇಲಾಗಿ ಚೇಳುಮೀನಿನ ಎದೆರೆಕ್ಕೆಯ ಮುಳ್ಳು ವಿಷಯುಕ್ತವಾದುದರಿಂದ ಮಕ್ಕಳ ಕೈಗೆ ತಕ್ಕುದಲ್ಲ. ಮೀನು ಮೇಲೆ ಬಂದು ಗಾಳಿಯನ್ನು ಹೀರುವ ಬಗೆಯನ್ನು ತೋರಿಸುವುದಕ್ಕೆ ಅದು ಉತ್ತಮವೇ ಸರಿ; ಮರಿ ಮಾಡಿಸುವುದಕ್ಕಲ್ಲ.

ಆರಂಭಿಸುವವರಿಗೆ ದಕ್ಷಿಣ ಅಮೇರಿಕದ ಕೋರಿಡೋರಾಸ್ ಪೇಲಿಯೇಟಸ್ ಎಂಬ ಕಪ್ಪುಮಚ್ಚೆಯ ಸಣ್ಣ ಮೀನೇ ಯೋಗ್ಯವು. ಇದನ್ನು ಪ್ಯಾರಿಸ್ಸಿನ ಕಾರ್ಬೊನಿಯೇ ಎಂಬವರು ೧೮೭೮ರಷ್ಟು ಹಿಂದೆಯೇ ತೊಟ್ಟಿಯಲ್ಲಿ ಮರಿ ಮಾಡಿಸಿದ್ದರು. ಎರಡು ಅಡಿ ಉದ್ದದ ತೊಟ್ಟಿಯಲ್ಲಿ ಒಂದು ಹೆಣ್ಣಿಗೆ ಎರಡು ಗಂಡುಗಳಿದ್ದರೆ ಸಾಕು. ಹೆಣ್ಣು ಗಾತ್ರದಲ್ಲಿ ದೊಡ್ಡದಾಗಿ ದುಂಡಗಿರುವುದು. ಕೆಲವು ದಿನ ಚೆನ್ನಾಗಿ ಮೇಯಿಸಿ, ನೀರಿನ ಮೂರರಲ್ಲೊಂದು ಭಾಗವನ್ನು ತೆಗೆದು ತುಸು ತಣ್ಣನೆಯ ನೀರನ್ನು ಹೊಯ್ದರೆ, ಮೀನು ಮಳೆ ಬಂತೆಂದೇ ಬಗೆಯುವುದು! ಹೆಣ್ಣು ಹೊಟ್ಟೆಯ ರೆಕ್ಕೆಗಳ ನಡುವೆ ಕೆಲವೇ ಮೊಟ್ಟೆಗಳನ್ನು ಹಿಡಿದೊಯ್ದು ಗಾಜಿಗೆ ಅಂಟಿಸುವುದು. ಮತ್ತೆ ಮತ್ತೆ ಹಾಗೆಯೇ ಮಾಡುವುದು. ಇದನ್ನು ಕಂಡ ಬಾಲಕನು ಮರೆಯಲಾರನು. ತಾಯಿತಂದೆಗಳೇ ಮೊಟ್ಟೆಗಳನ್ನು ತಿನ್ನುವುದರಿಂದ ದೊಡ್ಡ ಮೀನುಗಳನ್ನು ಬೇರೆಡೆಗೆ ಸಾಗಿಸತಕ್ಕದ್ದು. ನಾಲ್ಕೈದು ದಿನಗಳಲ್ಲಿ ಮರಿಗಳು ಹೊರಬರುವವು. ತಂಪನ್ನು ಬಯಸುವ ಮೀನಾದುದರಿಂದ ಈ ಸೀಮೆಯ ಬೇಸಗೆಯಲ್ಲಿ ಪ್ರಯತ್ನಿಸದೆ, ಮಳೆಗಾಲ ಹಿಡಿದ ಮೇಲೆ ತೊಡಗುವುದು ಲೇಸು.

ಎರಡನೆಯದಾಗಿ, ಮೂತಿಯ ಮೇಲೆ ಕವಲುಗಳುಳ್ಳ ಆನ್ಸಿಸ್ಟ್ರಸ್ಸನ್ನು ಆರಿಸಬಹುದು. ತೆಂಗಿನ ಚಿಪ್ಪನ್ನು ಬೋರಲಿಟ್ಟು ಒಂದು ಬಾಗಿಲು ಕೊರೆದರೆ ಗಂಡು ಅದರೊಳಗೆ ಮೊಟ್ಟೆಗಳನ್ನು ತಾನೇ ಕಾಯುವುದು.

ಆದರೆ ಅಂಗಡಿಯಲ್ಲಿ ಇದರ ಹೆಸರಿನಲ್ಲಿ ಟೆರಿಗೋಪ್ಲಿಕ್ತಿಸ್ ಎಂಬ ದೊಡ್ಡ ಬಂಧುವು ಕೈಗೆ ಬಂದೀತು. ಅಡಿಯನ್ನು ಮೀರಿ ಬೆಳೆಯುವ ಅದು ದಡಗಳಲ್ಲಿ ಬಿಲ ತೋಡುವುದು, ಬೆಸ್ತರ ಬಲೆ ಹರಿಯುವುದು. ಭಾರತದ ಹಲವು ನೀರುಗಳಲ್ಲಿ ಈಗಾಗಲೇ ನೆಲೆಯೂರಿದೆ. ಕೆರೆಯ ಏರಿಯನ್ನು ನಂಬಿದ ಒಕ್ಕಲಿಗನಿಗೆ ಇದು ಸಣ್ಣ ಮಾತಲ್ಲ. ಆಫ್ರಿಕದ ಕ್ಲಾರಿಯಸ್ಸನ್ನಂತೂ ಕೇಂದ್ರ ಸರಕಾರವು ೨೦೦೦ದಲ್ಲಿಯೇ ನಿಷೇಧಿಸಿರುವುದರಿಂದ ಅಭ್ಯಾಸದ ನೆವದಿಂದಲೂ ತರಕೂಡದು. ತೊಟ್ಟಿಯಲ್ಲಿ ಹೆಚ್ಚಾದ ಮರಿಗಳನ್ನು ನೆರೆಯ ಶಾಲೆಗೆ ಕೊಡಬಹುದು, ಕೆರೆಗೆ ಬಿಡಲಾಗದು.