ಯಂತ್ರದ ಸವಿನುಡಿ

ಸವಿಮಾತಿಗೆ ಕಾಸು ತೆರಬೇಕಾಗಿಲ್ಲವೆಂದು ಹಿರಿಯರು ಹೇಳುವುದುಂಟು. ಆದರೆ ಅದಕ್ಕೆ ಹೊತ್ತು ಬೇಕು, ನೆನಪು ಬೇಕು. ಇವೆರಡೂ ಇಂದಿನ ಬಾಳಿನಲ್ಲಿ ದುಬಾರಿಯಾಗಿವೆ. ಈ ಕೊರತೆಯನ್ನು ತುಂಬಲೆಂದೋ, ಬರಿಯ ವಿನೋದಕ್ಕೆಂದೋ, ಜಾಲತಾಣಗಳಲ್ಲಿ ತಾನಾಗಿಯೇ ಹಿತನುಡಿಗಳನ್ನು ಕಳುಹಿಸುವ ‘ಬಾಟ್’ ಎಂಬ ಯಂತ್ರಗಣಕದ ಕ್ರಮವಿಧಿಗಳನ್ನು ತರುಣರು ರಚಿಸುತ್ತಿದ್ದಾರೆ. ಮಡಿಕೇರಿಯ ಮಂಜು ಮುಸುಕಿದ ಮುಂಜಾನೆಯಲ್ಲಿ, ಪರೀಕ್ಷೆಯ ಅಳುಕಿನಿಂದಿರುವ ವಿದ್ಯಾರ್ಥಿನಿಯ ಫೋನಿನಲ್ಲಿ “ಅಂಜದಿರು, ನಿನ್ನಿಂದಾಗುತ್ತದೆ” ಎಂಬ ಮಾತು ಮೂಡಿದರೆ ಅವಳ ಮುಖ ಅರಳದಿರದು. ಆದರೆ ಹಾಗೆ ನುಡಿದವರಾರು?

‘ಬಾಟ್’ ಎಂಬುದು ‘ರೋಬಾಟ್’ ಪದದ ತುಂಡು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ ಬಳಸಿದ ಆ ಪದದ ಬೇರು, ಬಿಟ್ಟಿ ಚಾಕರಿ ಎಂಬರ್ಥದ ಚೆಕ್ ಮಾತಿನಲ್ಲಿದೆ. ಪ್ರೀತಿಯ ನುಡಿಯನ್ನೂ ಬಿಟ್ಟಿ ಚಾಕರಿಗೆ ಒಪ್ಪಿಸಿದ ಕಾಲವಿದು!

ಸರಳವಾದ ಬಾಟ್ ಕೆಲಸ ಮಾಡುವ ಬಗೆಯಲ್ಲಿ ಮಾಯೆಯೇನೂ ಇಲ್ಲ. ರಚಿಸುವವನು ನೂರಾರು ವಾಕ್ಯಗಳ ಪಟ್ಟಿಯೊಂದನ್ನು ಅದಕ್ಕೆ ಕೊಡುತ್ತಾನೆ. ಗೊತ್ತಾದ ಗಳಿಗೆಯಲ್ಲಿ ಅದು ಚೀಟಿ ಎತ್ತಿದಂತೆ ಒಂದು ಸಂಖ್ಯೆಯನ್ನು ಆರಿಸಿ, ಆ ಸಂಖ್ಯೆಯ ವಾಕ್ಯವನ್ನು ಕಳುಹಿಸುತ್ತದೆ. ಸಿದ್ಧವಾಕ್ಯಗಳ ಇಂತಹ ಪಟ್ಟಿ ಭಾರತೀಯರಿಗೆ ಹೊಸತಲ್ಲ. 2013ರ ಜುಲೈ ತಿಂಗಳಲ್ಲಿ ನಿಂತುಹೋದ ತಂತಿ ಸೇವೆಯಲ್ಲಿ ಮದುವೆ, ಹಬ್ಬ, ಮಗುವಿನ ಜನನ ಮೊದಲಾದವುಗಳಿಗೆ ಒಂದೊಂದು ಶುಭಾಶಯವಾಕ್ಯ ಅಚ್ಚಾಗಿರುತ್ತಿತ್ತು. ಕಳುಹಿಸುವವರು ಸಂಖ್ಯೆಯನ್ನು ಸೂಚಿಸಿದರೆ ಸಾಕು, ತಲಪುವ ಊರಿನಲ್ಲಿ ಅದು ವಾಕ್ಯವಾಗುತ್ತಿತ್ತು. ಮಾತು ಅಂಚೆಕಚೇರಿಯದೆಂದು ಆ ತಂತಿಯನ್ನು ಯಾರೂ ಎಸೆಯಲಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರು.

ಆದ್ದರಿಂದ ಸಿದ್ಧವಾದ ನುಡಿಯೆಂಬುದೇ ಬಾಟ್‌ನ ದೋಷವೆನ್ನುವುದು ಸರಿಯಲ್ಲ. ಕೊಡವರ ಮದುವೆಯನ್ನು ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ. ಮುಕ್ಕಾಲಿಯ ಮೇಲೆ ಕುಳಿತ ವಧುವಿನ ಬಳಿಗೆ ಬಂಧುಬಳಗದವರು ಒಬ್ಬೊಬ್ಬರಾಗಿ ಬರುತ್ತಾರೆ. ಮೊಣಕಾಲು, ಹೆಗಲು, ತಲೆಗಳ ಮೇಲೆ ಅಕ್ಕಿ ತಳಿದು, ಕಿಂಡಿಯಿಂದ ಒಂದು ಗುಟುಕು ಹಾಲು ಕುಡಿಸಿ, ಕೈಗೆ ಕಾಣಿಕೆಯಿತ್ತು ಹರಸುತ್ತಾರೆ. ಎಲ್ಲರದೂ ಅದೇ ಅಕ್ಕಿ, ಅದೇ ಹಾಲು. ಗಂಟೆಗಟ್ಟಲೆ ಸಾಗುವ ಈ ವಿಧಿಯಲ್ಲಿ ಹೊಸತೆಂಬುದು ಒಂದೇ: ಪ್ರತಿ ಸಲವೂ ಎದುರಿಗೆ ಬಂದು ನಿಲ್ಲುವ ಮನುಷ್ಯ. ತಂತಿಯ ಹಿಂದೆಯೂ ಅಂಥವನೊಬ್ಬ ಅಂಚೆಕಚೇರಿಯವರೆಗೆ ನಡೆದಿರುತ್ತಿದ್ದನು. ಬಾಟ್‌ನ ಹಿಂದೆ ಆ ನಡಿಗೆಯಿಲ್ಲ.

ಇಲ್ಲದ ಆ ಮನುಷ್ಯನನ್ನು ಓದುವವರು ತಾವೇ ಕಲ್ಪಿಸಿಕೊಳ್ಳುತ್ತಾರೆಂಬುದು ಸೋಜಿಗ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ವೈಜನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ಸಂಭಾಷಣೆಯ ಕ್ರಮವಿಧಿಯನ್ನು ಪ್ರಕಟಿಸಿದನು. ಅದಕ್ಕೆ ಅರ್ಥವಾಗುತ್ತಿದ್ದುದು ಏನೂ ಇಲ್ಲ. ಹೇಳಿದ ಮಾತನ್ನೇ ತಿರುಗಿಸಿ ಕೇಳುತ್ತಿತ್ತು, ಅಷ್ಟೆ. ಅದರ ರಚನೆಯನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವನ ಕಾರ್ಯದರ್ಶಿಯೇ, ಅದರೊಡನೆ ಮಾತಿಗೆ ತೊಡಗಿದ ಸ್ವಲ್ಪ ಹೊತ್ತಿನಲ್ಲಿ, ಕೋಣೆಯಿಂದ ಹೊರಗೆ ಹೋಗುವಂತೆ ಅವನನ್ನು ಕೇಳಿಕೊಂಡಳಂತೆ. ವೈಜನ್‌ಬಾಮ್ ಬೆಚ್ಚಿದನು, 1976ರ ತನ್ನ ಗ್ರಂಥದಲ್ಲಿ, ಯಂತ್ರಕ್ಕೆ ವಹಿಸಬಾರದ ಕೆಲಸಗಳೂ ಇವೆಯೆಂದು ವಾದಿಸಿದನು.

ಆ ಎಚ್ಚರಿಕೆಯ ಬೆಲೆಯನ್ನು ತಿಳಿಯಲು ಕೊಡಗಿನವರು ದೂರ ಹೋಗಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಗಳಲ್ಲಿ ಬೆಟ್ಟಗಳು ಜರಿದವು. ಮನೆ, ತೋಟ, ಗದ್ದೆಗಳು ಕೆಸರಿನಡಿಯಲ್ಲಿ ಹೂತುಹೋದವು, ರಸ್ತೆಗಳು ಕಡಿದುಹೋದವು. ತನ್ನವರ ಸುದ್ದಿಗಾಗಿ ಫೋನನ್ನೇ ನೋಡುತ್ತ ಕುಳಿತವನಿಗೆ ಆ ದಿನಗಳಲ್ಲಿ “ಇಂದು ಎಷ್ಟು ಸೊಗಸಾದ ದಿನ!” ಎಂಬ ಯಂತ್ರದ ನುಡಿ ಬಂದಿದ್ದರೆ? ಆಗ ಬೇಕಾದುದು ಸವಿವಾಕ್ಯವಲ್ಲ; “ಎಲ್ಲಿದ್ದೀರಿ? ಬರುತ್ತೇನೆ” ಎಂಬ ಎರಡೇ ಮಾತು. ಬರಲು ಕಾಲಿಲ್ಲದ ಯಂತ್ರ ಅದನ್ನು ಆಡಿದರೆ ಸುಳ್ಳಾಗುತ್ತದೆ.

ಹಾಗೆಂದು ತರುಣರ ಈ ಆಟವನ್ನು ಜರೆಯಬೇಕಾಗಿಲ್ಲ. ನಗಿಸುವ ಬಾಟ್ ನಗಿಸಲಿ. ತಾನು ಯಂತ್ರವೆಂಬುದನ್ನು ಅದು ಮೊದಲೇ ಹೇಳಲಿ, ಬೇಡವೆಂದವರ ಬಳಿ ಸುಳಿಯದಿರಲಿ, ಊರಿಗೆ ದುಃಖ ಬಂದಾಗ ಅದರ ಬಾಯಿ ಕಟ್ಟುವ ಎಚ್ಚರ ರಚಿಸಿದವನಿಗಿರಲಿ. ಅದಕ್ಕಿಂತ ಜಾಣತನದ ಬಾಟ್ ಒಂದನ್ನು ರಚಿಸುವುದೂ ಕಷ್ಟವಲ್ಲ. ಅದು ತಾನೇ ಹರಸದೆ, ವಾರಕ್ಕೊಮ್ಮೆ ಬಂಧುಮಿತ್ರರ ಪಟ್ಟಿಯಿಂದ ಒಂದು ಹೆಸರನ್ನೆತ್ತಿ, “ಸೋಮವಾರಪೇಟೆಯ ಅಜ್ಜಿಯೊಡನೆ ಮಾತನಾಡಿ ಎಷ್ಟು ದಿನವಾಯಿತು?” ಎಂದು ಕೇಳಿ ಸುಮ್ಮನಾಗುತ್ತದೆ.