ಜಗಲಿ ಮಾತು: ಮಗಳ ಆಫೀಸು ದ್ವೀಪಕ್ಕೆ ಹೊರಟಾಗ



ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳಲ್ಲಿ ಮಂಡಿನೋವು, ಕೂದಲುದುರುವುದು, ಅತ್ತೆ-ಸೊಸೆ ಎಲ್ಲವೂ ಎಂದಿನಂತೆ ಇದ್ದವು. ಒಂದು ಕಾಗದ ಮಾತ್ರ ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಬರೆದವರು ಕೆ.ಆರ್. ನಗರದ ಸೋದರಿ. ಅವರ ಮಗಳಿಗೆ ಇಪ್ಪತ್ತಾರು ವರ್ಷ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮಾಡುತ್ತಾಳಂತೆ. ಮೊನ್ನೆ ಊಟಕ್ಕೆ ಕೂತಾಗ, "ಅಮ್ಮಾ, ಇಲ್ಲಿ ಕೂತು ಮಾಡೋ ಕೆಲಸಾನ ಬಾಲಿಯಲ್ಲಿ ಕೂತು ಮಾಡಬಹುದು. ಮೂರು ತಿಂಗಳು ಹೋಗಿ ಬರ್ತೀನಿ" ಎಂದಳಂತೆ. ಯಜಮಾನರು ತಟ್ಟೆ ಬಿಟ್ಟು ಎದ್ದರಂತೆ. "ನಾನು ಯಾರ ಪರ ಮಾತಾಡಲಿ?" ಎಂದು ಕೇಳಿದ್ದಾರೆ.

ಯಾರ ಪರವೂ ಬೇಡ, ಮೊದಲು ವಿಷಯ ಏನೆಂದು ತಿಳಿಯೋಣ ಬನ್ನಿ.

ಬಾಲಿ ಎಂದರೆ ಇಂಡೋನೇಷ್ಯಾದ ಒಂದು ದ್ವೀಪ. ಅಲ್ಲಿಯ ಹೆಚ್ಚಿನ ಜನ ಹಿಂದೂಗಳು. ನಾವು ಬೆಳಿಗ್ಗೆ ಬಾಗಿಲು ತೊಳೆದು ರಂಗೋಲಿ ಇಡುವಂತೆ, ಅಲ್ಲಿನ ಹೆಂಗಸರು ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ಹೊಸ್ತಿಲ ಮುಂದೆ ಇಡುತ್ತಾರೆ. ಭತ್ತದ ದೇವಿಗೆ ಪೂಜೆ ಮಾಡುತ್ತಾರೆ. ಗದ್ದೆಗೆ ನೀರು ಹಂಚಲು 'ಸುಬಕ್' ಎಂಬ ಪದ್ಧತಿ ಇಟ್ಟುಕೊಂಡಿದ್ದಾರೆ. 2012ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಭತ್ತದ ಕಣಜ ಎನಿಸಿಕೊಂಡ ಕೆ.ಆರ್. ನಗರದ ಹುಡುಗಿ ಮತ್ತೊಂದು ಭತ್ತದ ಸೀಮೆಗೇ ಹೊರಟಿದ್ದಾಳೆ, ನೋಡಿ! ಇನ್ನೊಂದು ಸ್ವಾರಸ್ಯ. ಅವರದೂ ಶಕವರ್ಷದ ಲೆಕ್ಕ. 2023ರಲ್ಲಿ ನಮ್ಮ ಯುಗಾದಿಯೂ ಅವರ ಹೊಸವರ್ಷ 'ನ್ಯೆಪಿ'ಯೂ ಒಂದೇ ದಿನ, ಮಾರ್ಚ್ 22ರಂದು ಬಂದವು. ನಾವು ಒಬ್ಬಟ್ಟು ಮಾಡಿ ನೆಂಟರನ್ನು ಕರೆದರೆ ಅವರು ಅಂದು ದೀಪ ಹಚ್ಚುವುದಿಲ್ಲ, ಒಲೆ ಹಚ್ಚುವುದಿಲ್ಲ, ಬೀದಿಗಿಳಿಯುವುದಿಲ್ಲ. ವಿಮಾನ ನಿಲ್ದಾಣಕ್ಕೂ ಬೀಗ. 2018ರಿಂದ ಅಂದು ಮೊಬೈಲಿನ ಇಂಟರ್ನೆಟ್ಟೂ ಬಂದ್. ಹಬ್ಬದ ದಿನ ಒಲೆ ಹಚ್ಚದ ಊರು ಎಂದಾಗ ನನಗೇ ಒಂದು ಸಲ ಹೋಗಿಬರೋಣ ಎನ್ನಿಸಿತು, ಸುಳ್ಳೇಕೆ ಹೇಳಲಿ?

ಮಕ್ಕಳು ಇಂಥ ದ್ವೀಪಗಳಿಗೇ ಯಾಕೆ ಓಡುತ್ತಾರೆ? ಸಮುದ್ರ, ತೆಂಗು, ಬೆಚ್ಚನೆ ಹವೆ, ಬಾಡಿಗೆ ಕಡಿಮೆ ಎನ್ನುತ್ತಾರೆ. ಕೈಯಲ್ಲಿ ಡಾಲರು ಇರುವ ಅಮೆರಿಕದವರಿಗೆ, ಯೂರೋಪಿನವರಿಗೆ ಅದು ನಿಜ. 2020ರಲ್ಲಿ ಕೊರೊನಾ ಬಂದು ಪ್ರವಾಸಿಗಳು ನಿಂತುಹೋದಾಗ ಬಾರ್ಬಡೋಸ್, ಮಾರಿಷಸ್‌ನಂಥ ದ್ವೀಪಗಳು, "ನಿಮ್ಮ ಕಂಪನಿಯ ಕೆಲಸವನ್ನು ನಮ್ಮಲ್ಲಿ ಬಂದು ಮಾಡಿ, ಒಂದು ವರ್ಷ ಇರಿ" ಎಂದು ಕರೆದವು. ಅಲ್ಲಿಂದ ಇದು ದೊಡ್ಡ ಸಂಚಾರವೇ ಆಯಿತು. ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಬಾಲಿಯ ಚಾಂಗು ಎಂಬ ಕಡೆ ಭತ್ತದ ಗದ್ದೆಗಳು ಬಾಡಿಗೆ ಬಂಗಲೆಗಳಾಗಿವೆ. ಊರಿನವರಿಗೇ ಜಾಗದ ಬೆಲೆ ಕೈಗೆಟುಕದಂತಾಗಿದೆ. ನಮ್ಮ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ದಡದ ರೆಸಾರ್ಟುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಮನೆಯ ಕಥೆ. ಹುಣಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನನ್ನ ಮಗಳೂ 2020ರಿಂದ ಇದೇ ಕೆಲಸ ಮಾಡುತ್ತಿದ್ದಾಳೆ. ಕೆಲಸ ಮಾಡುತ್ತಿದ್ದಳು ಎಂದು ನಾನೇನೋ ತಿಳಿದಿದ್ದೆ, ಆದರೆ ನಡೆದುಕೊಂಡದ್ದು ಹಾಗಲ್ಲ. ನೆಂಟರು ಬಂದರೆ, "ಇಳಿದು ಬಾರೇ, ಕಾಫಿ ಬೆರೆಸು." ಹಾಲಿನವನು ಬಂದರೆ, "ಸ್ವಲ್ಪ ಪಾತ್ರೆ ಹಿಡಿಯೇ." ಮನೆಯಲ್ಲೇ ಇದ್ದಾಳಲ್ಲ, ಇನ್ನೇನು? ಒಂದು ದಿನ ಅವಳು ಮೀಟಿಂಗಿನಲ್ಲಿ ಮಾತಾಡುತ್ತಿದ್ದಾಗ ನಾನು ಬಾಗಿಲು ತಳ್ಳಿಕೊಂಡು ಹೋಗಿ, "ಕುಕ್ಕರು ಮೂರು ಕೂಗಿದ ಮೇಲೆ ಆರಿಸು, ನಾನು ದೇವಸ್ಥಾನಕ್ಕೆ ಹೋಗಿಬರ್ತೀನಿ" ಎಂದೆ. ಆ ಕಡೆ ಇದ್ದ ಹನ್ನೊಂದು ಜನಕ್ಕೂ ಕೇಳಿಸಿತಂತೆ. ಅವಳು ಏನೂ ಅನ್ನಲಿಲ್ಲ. ಕುಕ್ಕರನ್ನೂ ಆರಿಸಿದ್ದಳು. ಎರಡು ವಾರದ ಮೇಲೆ ಅವಳೂ ಬಾಲಿ ಎಂದಳು.

ನಾನೂ ಕೂಗಾಡಿದೆ. ಒಂಟಿ ಹುಡುಗಿ, ಪರದೇಶ, ನಾಳೆ ಗಂಡಿನ ಕಡೆಯವರು ಕೇಳಿದರೆ ಏನು ಹೇಳುವುದು, ಎಲ್ಲ ಅಂದೆ. ಕೊನೆಗೆ ಅವಳು ಮೆಲ್ಲಗೆ, "ಅಲ್ಲಿ ಸಮುದ್ರ ಇದೆ ಅಂತಲ್ಲಮ್ಮ. ಎಂಟು ಗಂಟೆ ನನ್ನನ್ನ ಯಾರೂ ಕರೆಯಲ್ಲ ಅಂತ" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಅಡುಗೆಮನೆಯಲ್ಲಿ ನಿಂತು, "ಮನೇಲೇ ಇರ್ತಾಳಲ್ಲ, ಅವಳಿಗೇನು ಕೆಲಸ?" ಎಂಬ ಮಾತು ಕೇಳಿಸಿಕೊಂಡವಳು ನಾನು. ಅದನ್ನೇ ಮಗಳಿಗೆ ಮಾಡಿದ್ದೆ.

ಆ ಸಂಜೆಯೇ ಮಹಡಿ ಕೋಣೆಗೆ ಚಿಲಕ ಹಾಕಿಸಿದೆ. ಒಂಬತ್ತೂವರೆಯಿಂದ ಆರೂವರೆಯವರೆಗೆ ಅದು ಆಫೀಸು, ಮನೆಯಲ್ಲ ಎಂದು ಎಲ್ಲರಿಗೂ ಹೇಳಿದೆ. ನಮ್ಮ ಯಜಮಾನರು ಈಗ ಕಾಫಿ ಬೆರೆಸುವುದನ್ನು ಕಲಿತಿದ್ದಾರೆ. ಡಿಕಾಕ್ಷನ್ನು ಮಾತ್ರ ಇನ್ನೂ ನೀರು ನೀರು. ಕೆ.ಆರ್. ನಗರದ ಸೋದರಿ, ನಿಮ್ಮ ಮನೆಯಲ್ಲೂ ಇದೇ ಕಾರಣ ಇರಬಹುದೇ? ಮಗಳನ್ನು ಒಮ್ಮೆ ಕೇಳಿ ನೋಡಿ. ನಿಜವಾಗಿ ಸಮುದ್ರದ ಆಸೆಯೇ ಇದ್ದರೆ ಅದೂ ತಪ್ಪಲ್ಲ.

"ಹೆಣ್ಣುಮಕ್ಕಳು ದುಡಿಮೆಗೆಂದು ಕಡಲು ದಾಟುವುದು ನಮ್ಮ ಸೀಮೆಯಲ್ಲಿ ಉಂಟೇ?" ಎಂದು ನಿಮ್ಮ ಯಜಮಾನರು ಕೇಳಿದ್ದಾರೆಂದು ಬರೆದಿದ್ದೀರಿ. ಉಂಟು ಎಂದು ಹೇಳಿ. ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟ್ಟಿನವರು ಚಳಿಗಾಲ ಬಂತೆಂದರೆ ಸ್ವೆಟರಿನ ಗಂಟು ಹೊತ್ತು ದೇಶದ ಊರೂರಿಗೆ ಹೋಗುವುದನ್ನು ಕಂಡೇ ಇದ್ದೇವೆ. ಕಡಲು ದಾಟಿದವರು ಬೇಕಿದ್ದರೆ ಹುಣಸೂರು ತಾಲೂಕಿನ ಪಕ್ಷಿರಾಜಪುರಕ್ಕೆ ಹೋಗಿ. ಅದು ಹಕ್ಕಿಪಿಕ್ಕಿ ಜನರ ಊರು. ಹೆಸರೇ ಹೇಳುವಂತೆ ಹಿಂದೆ ಹಕ್ಕಿ ಹಿಡಿದು ಬದುಕಿದವರು. ಮನೆಯಲ್ಲಿ ಆಡುವ ಮಾತು ಗುಜರಾತಿಗೆ ಹತ್ತಿರದ ವಾಗ್ರಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಬಲೆ ಇಟ್ಟರು. ಜಾತ್ರೆಗಳಲ್ಲಿ ಪಿನ್ನು, ಪ್ಲಾಸ್ಟಿಕ್ ಹೂವು, ಬೇರು-ನಾರಿನ ಎಣ್ಣೆ ಮಾರಿದರು. ಬರಬರುತ್ತಾ ಅದೇ ಎಣ್ಣೆಯ ಗಂಟು ಹೊತ್ತು ಸಿಂಗಪುರಕ್ಕೂ ಥಾಯ್ಲೆಂಡಿಗೂ ಹೋದರು, ಅಲ್ಲಿಂದ ಮುಂದೆ ಆಫ್ರಿಕಾದ ದೇಶಗಳಿಗೂ ಹೋದರು. ಗಂಡಸರಷ್ಟೇ ಅಲ್ಲ, ಹೆಂಗಸರೂ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಾವು ಚೌಕಾಸಿ ಮಾಡಿ ಹೇರ್‌ಪಿನ್ ಕೊಂಡ ಹೆಣ್ಣುಮಗಳ ಪಾಸ್‌ಪೋರ್ಟಿನಲ್ಲಿ ನಾವು ಭೂಪಟದಲ್ಲೂ ನೋಡದ ದೇಶಗಳ ಮುದ್ರೆ ಬಿದ್ದಿರಬಹುದು!

ಅವರ ಕಥೆಯಲ್ಲಿ ಕಷ್ಟವೂ ಇದೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಹುಣಸೂರು, ದಾವಣಗೆರೆ, ಶಿವಮೊಗ್ಗ ಕಡೆಯ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡರು. ಹೊರಗೆ ಗುಂಡಿನ ಸದ್ದು, ಒಳಗೆ ನೀರಿಲ್ಲ, ಊಟವಿಲ್ಲ. ಏಪ್ರಿಲ್ 24ರಂದು ಭಾರತ ಸರಕಾರ ಆರಂಭಿಸಿದ ಕಾರ್ಯಾಚರಣೆಗೆ ನಮ್ಮ ಕಾವೇರಿಯ ಹೆಸರನ್ನೇ ಇಟ್ಟರು. ಪೋರ್ಟ್ ಸುಡಾನಿನಿಂದ ಹಡಗಿನಲ್ಲಿ, ವಿಮಾನದಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ. ಒಟ್ಟು 3,800ಕ್ಕೂ ಹೆಚ್ಚು ಭಾರತೀಯರು ಹೀಗೆ ಬಂದರು. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದ ತಾಯಂದಿರ ಮನೆಗಳಲ್ಲಿ ಆ ಹತ್ತು ದಿನ ಹೇಗಿದ್ದಿರಬೇಕು, ಯೋಚಿಸಿ.

ಈಗ ಅದೇ ಊರಿನವರು ಬೇರೆ ದಾರಿ ಹಿಡಿದಿದ್ದಾರೆ. ಎಣ್ಣೆ ಕುದಿಸುವುದನ್ನು ಮೊಬೈಲಿನಲ್ಲಿ ತೋರಿಸುತ್ತಾರೆ, ಫೋನಿನಲ್ಲೇ ಆರ್ಡರು ತೆಗೆದುಕೊಳ್ಳುತ್ತಾರೆ, ಬಾಟಲಿಗಳು ಕೊರಿಯರಿನಲ್ಲಿ ದೇಶವಿಡೀ ಹೋಗುತ್ತವೆ. ಕೂದಲು ಬೆಳೆಯುತ್ತದೆಯೇ ಎಂದು ನನ್ನನ್ನು ಕೇಳಬೇಡಿ, ನನ್ನ ಜಡೆ ನೋಡಿದವರು ಕೇಳುವುದೂ ಇಲ್ಲ. ನಾನು ಹೇಳುವುದಿಷ್ಟು: ಅಲೆದು ದುಡಿದವರು ಮನೆಯಲ್ಲಿ ಕೂತು ದುಡಿಯುವುದನ್ನು ಕಲಿತರು. ಮನೆಯಲ್ಲಿ ಕೂತ ನಮ್ಮ ಮಕ್ಕಳು ಅಲೆಯಹೊರಟಿದ್ದಾರೆ.

ಸರಿ, ಹೊರಡುವುದೇ ಆದರೆ ನೋಡಬೇಕಾದ್ದೇನು? ಮೊದಲು ವೀಸಾ. ಬಾಲಿಗೆ ಹೋಗಿ ಇಳಿದಾಗ ಕೊಡುವ ವೀಸಾ 30 ದಿನದ್ದು, ಇನ್ನೊಂದು 30 ದಿನ ಮುಂದುವರಿಸಬಹುದು. ಶುಲ್ಕ 5 ಲಕ್ಷ ರುಪಿಯಾ. ಎದೆ ಹಿಡಿದುಕೊಳ್ಳಬೇಡಿ, ಅದು ಅವರ ದುಡ್ಡು. ನಮ್ಮ ಲೆಕ್ಕದಲ್ಲಿ ಮೂರು ಸಾವಿರದೊಳಗೆ. ಆದರೆ ಅದು ಪ್ರವಾಸದ ವೀಸಾ, ದುಡಿಯಲು ಕೊಟ್ಟದ್ದಲ್ಲ. ದೂರದ ಕಂಪನಿಗೆ ದುಡಿಯುವವರಿಗೆಂದು ಅವರು 2024ರಲ್ಲಿ ಬೇರೆ ವೀಸಾ ತಂದರು. ಅದಕ್ಕೆ ವರ್ಷಕ್ಕೆ 60,000 ಡಾಲರು ಸಂಬಳ ತೋರಿಸಬೇಕು, ಅಂದರೆ ಸುಮಾರು 50 ಲಕ್ಷ ರೂಪಾಯಿ. ನಿಮ್ಮ ಮಗಳಿಗೆ ಅಷ್ಟು ಬರುತ್ತಿದ್ದರೆ ನನಗೂ ಒಂದು ಕಾಗದ ಬರೆಯಲು ಹೇಳಿ! ಥಾಯ್ಲೆಂಡಿನದು 2024ರ ಜುಲೈನಲ್ಲಿ ಶುರುವಾಯಿತು. ಐದು ವರ್ಷದ ವೀಸಾ, ಒಂದು ಸಲಕ್ಕೆ 180 ದಿನ ಇರಬಹುದು. ಆದರೆ ಬ್ಯಾಂಕಿನಲ್ಲಿ 5 ಲಕ್ಷ ಬಾಟ್ ಇರಬೇಕು, ನಮ್ಮ ಹದಿಮೂರು ಲಕ್ಷದ ಆಸುಪಾಸು. ಮಾರಿಷಸ್‌ನವರು ತಿಂಗಳಿಗೆ 1,500 ಡಾಲರು ಆದಾಯವಿದ್ದರೆ ಒಂದು ವರ್ಷ ಇರಗೊಡುತ್ತಾರೆ, ಶುಲ್ಕವಿಲ್ಲ. ನಮ್ಮ ಮಧ್ಯಮ ವರ್ಗದ ಮಕ್ಕಳ ಸಂಬಳಕ್ಕೆ ಹತ್ತಿರವಾದದ್ದು ಅದೇ. 1834ರಿಂದ ನಮ್ಮ ದೇಶದ ಕೂಲಿಗಳು ಕರಾರಿಗೆ ಹೆಬ್ಬೆಟ್ಟು ಒತ್ತಿ ಕಬ್ಬಿನ ಗದ್ದೆಗೆ ಹೋದ ದ್ವೀಪವದು. ಇಂದಿಗೂ ಬೀದಿಯಲ್ಲಿ ಬೇಳೆ ಹೂರಣದ ಪೂರಿ ಮಾರುತ್ತಾರೆ. ಬೆಲ್ಲ ಹಾಕದ ಒಬ್ಬಟ್ಟು ಅನ್ನಿ. ಈ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ಟು ಕೊಳ್ಳುವ ಮೊದಲು ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆ ನೋಡಲೇಬೇಕು.

ಎರಡನೆಯದು ಕಂಪನಿಯ ಒಪ್ಪಿಗೆ, ಅದೂ ಬರವಣಿಗೆಯಲ್ಲಿ. ಹೇಳದೆ ಹೋಗಿ ಕೆಲಸ ಕಳೆದುಕೊಂಡರೆ ದ್ವೀಪದಲ್ಲಿ ಕೂತು ಅಳಬೇಕಾಗುತ್ತದೆ. ಹೆಚ್ಚು ತಿಂಗಳು ಇರುವುದಾದರೆ ತೆರಿಗೆಯ ಪ್ರಶ್ನೆ ಬರುತ್ತದೆ, ಆಡಿಟರನ್ನು ಕೇಳಲಿ. ಆಸ್ಪತ್ರೆ ಖರ್ಚಿಗೆ ವಿಮೆ ಇಲ್ಲದೆ ಕಳಿಸಬೇಡಿ. ಆಪತ್ತು ಬಂದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರು ಅವಳ ಹತ್ತಿರವೂ ಇರಲಿ, ನಿಮ್ಮ ಕ್ಯಾಲೆಂಡರಿನ ಹಿಂದೆಯೂ ಇರಲಿ.

ಇನ್ನು ಗಡಿಯಾರ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಂಗಳೂರಿನ ಆಫೀಸು ಒಂಬತ್ತೂವರೆಗೆ ಶುರುವಾದರೆ ಅಲ್ಲಿ ಮಧ್ಯಾಹ್ನ ಹನ್ನೆರಡು. ಮುಗಿಯುವಾಗ ರಾತ್ರಿ ಒಂಬತ್ತು. ಸೂರ್ಯಾಸ್ತದ ಹೊತ್ತಿಗೆ ಹುಡುಗಿ ಸಮುದ್ರದ ದಡದಲ್ಲಿರುವುದಿಲ್ಲ, ಮೀಟಿಂಗಿನಲ್ಲಿರುತ್ತಾಳೆ. ಇದನ್ನು ಯಾರೂ ಫೋಟೋ ತೆಗೆದು ಹಾಕುವುದಿಲ್ಲ.

ನನ್ನ ಮಗಳಿಗೆ ನಾನು ಹೇಳಿದ್ದು ಒಂದೇ: "ಮೊದಲು ರಜೆ ಹಾಕಿ ಹೋಗಿ ನೋಡಿ ಬಾರೇ, ಆಮೇಲೆ ಆಫೀಸಿನ ಮಾತು." 2024ರಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಆರಂಭವಾಗಿತ್ತು. ಗೆಳತಿಯರ ಜೊತೆ ಹನ್ನೆರಡು ದಿನ ಹೋಗಿಬಂದಳು. ಆ ಹನ್ನೆರಡು ದಿನ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಎಷ್ಟು ಸಲ ಅವಳ ಹೆಸರು ಕೂಗಿದೆನೋ ಲೆಕ್ಕವಿಲ್ಲ. ಈಗ ಅವಳ ಕಣ್ಣು ಮಾರಿಷಸ್ ಮೇಲೆ. ಕಂಪನಿಯವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಕೊಟ್ಟರೆ ಕಳಿಸುವುದೆಂದು ನಾವಿಬ್ಬರೂ ಮನಸ್ಸು ಮಾಡಿದ್ದೇವೆ.

ಪೆಟ್ಟಿಗೆಗೆ ಕಟ್ಟುವುದರ ಬಗ್ಗೆ ಎರಡು ಎಚ್ಚರ. ಕೊಬ್ಬರಿ ಗಿಟುಕು ಇಡಬೇಡಿ. ಬೇಗ ಬೆಂಕಿ ಹತ್ತುವ ವಸ್ತುವೆಂದು ವಿಮಾನದಲ್ಲಿ ಬಿಡುವುದಿಲ್ಲ. ಗಸಗಸೆಯೂ ಬೇಡ. ಸಿಂಗಪುರ, ದುಬೈಗಳಲ್ಲಿ ಅದು ನಿಷೇಧಿತ ವಸ್ತು, ಅಲ್ಲಿ ವಿಮಾನ ಬದಲಿಸುವವರು ಜೈಲಿನ ದಾರಿ ಹಿಡಿದಾರು. ಆದ್ದರಿಂದ ಕೊಬ್ಬರಿ, ಗಸಗಸೆ ಎರಡೂ ಇಲ್ಲದ ಹುರುಳಿ ಚಟ್ನಿಪುಡಿ ಮಾಡಿಕೊಡಿ.

ಒಂದು ಪಾವು ಹುರುಳಿಕಾಳನ್ನು ಕಲ್ಲು ಆರಿಸಿ, ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಘಮ್ಮೆನ್ನುವವರೆಗೆ ಹುರಿಯಿರಿ. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಕಾಲು ಪಾವು ಕಡಲೆಬೇಳೆಯನ್ನು ಬೇರೆಯಾಗಿ ಕೆಂಪಗೆ ಹುರಿಯಿರಿ. ಎರಡು ಚಮಚ ಎಣ್ಣೆಯಲ್ಲಿ ಹದಿನೈದು ಬ್ಯಾಡಗಿ ಮೆಣಸಿನಕಾಯಿ, ಎರಡು ಹಿಡಿ ಕರಿಬೇವು, ಚಿಟಿಕೆ ಇಂಗು, ಅರ್ಧ ನಿಂಬೆ ಗಾತ್ರದ ಬಿಡಿಸಿದ ಹುಣಸೆಹಣ್ಣು ಹಾಕಿ ಗರಿಗರಿಯಾಗುವವರೆಗೆ ಬಾಡಿಸಿ. ತೇವ ಉಳಿದರೆ ಪುಡಿ ಗಂಟು ಕಟ್ಟುತ್ತದೆ. ಎಲ್ಲ ಪೂರ್ತಿ ಆರಿದ ಮೇಲೆ ಉಪ್ಪು, ಅಡಿಕೆ ಗಾತ್ರದ ಬೆಲ್ಲ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಚೆನ್ನ, ದ್ವೀಪದಲ್ಲಿ ತುಪ್ಪ ಸಿಗದಿದ್ದರೆ ತೆಂಗಿನೆಣ್ಣೆ ಸಿಕ್ಕೇ ಸಿಗುತ್ತದೆ. ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಎರಡು ಕವರಿನೊಳಗೆ ಇಡಿ.

ಕೆ.ಆರ್. ನಗರದ ಸೋದರಿ, ಮಗಳು ಏನಂದಳೆಂದು ಬರೆಯಿರಿ. ಯಜಮಾನರು ತಿರುಗಿ ಊಟಕ್ಕೆ ಕೂತರೇ ಎಂದೂ ಬರೆಯಿರಿ. ಮಂಡಿನೋವಿನವರು ಕೋಪಿಸಿಕೊಳ್ಳಬೇಡಿ, ನಿಮ್ಮ ಕಾಗದಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ.